ಬಟ್ಟೆ ಕೊಳ್ಳುವ ಮುಂಚೆ



ಇಂದಿನ ಮಾತು ಬಟ್ಟೆಯ ಬಗ್ಗೆ. ವಿಜ್ಞಾನ ಓದಿದವನು ಬಟ್ಟೆಯ ಬಗ್ಗೆ ಏನು ಹೇಳಿಯಾನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸ್ವಲ್ಪ ತಾಳಿ. ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ನಿಮ್ಮ ಬೀರು, ಟ್ರಂಕು, ಗೋಡೆಯ ಗೂಟ, ಹಿತ್ತಲ ಹಗ್ಗ, ಬಟ್ಟೆ ಎಲ್ಲೆಲ್ಲಿ ಇದೆಯೋ ಅಲ್ಲಿಂದೆಲ್ಲ ತಂದು ಒಂದು ಚಾಪೆಯ ಮೇಲೆ ಹಾಕಿ. ಮದುವೆ ಮುಂಜಿಗೆಂದು ಇಟ್ಟ ರೇಷ್ಮೆಯನ್ನೂ ಚಳಿಗಾಲದ ಸ್ವೆಟರನ್ನೂ ಬಿಟ್ಟುಬಿಡಿ. ಉಳಿದದ್ದನ್ನು ಎರಡು ಗುಡ್ಡೆ ಮಾಡಿ. ಕಳೆದ ಹದಿನೈದು ದಿನಗಳಲ್ಲಿ ಮೈಮೇಲೆ ಹಾಕಿದ್ದು ಒಂದು ಕಡೆ, ಹಾಕದೇ ಇದ್ದದ್ದು ಇನ್ನೊಂದು ಕಡೆ. ನಿಮ್ಮಲ್ಲಿ ಕೆಲವರಿಗೆ ಎರಡನೆಯ ಗುಡ್ಡೆಯೇ ಇರುವುದಿಲ್ಲ. ಇರುವುದೇ ಮೂರು ಜೊತೆ ಬಟ್ಟೆ, ಅವು ದಿನವೂ ಸರದಿಯಲ್ಲಿ ಮೈಗೇರುತ್ತವೆ. ಅಂಥವರಿಗೂ ಈ ಮಾತಿನಲ್ಲಿ ಪಾಲಿದೆ, ಮುಂದೆ ಬರುತ್ತೇನೆ.

ಎರಡನೆಯ ಗುಡ್ಡೆ ಇರುವವರು ಅದರಿಂದ ಒಂದೊಂದನ್ನೇ ಕೈಗೆತ್ತಿಕೊಂಡು ನೆನಪಿಸಿಕೊಳ್ಳಿ: ಇದನ್ನು ಏಕೆ ಕೊಂಡೆ? ಅರ್ಧ ಬೆಲೆಗೆ ಸಿಕ್ಕಿತು. ಗೆಳತಿ ಇಂಥದೇ ತೊಟ್ಟಿದ್ದಳು. ಸಿನಿಮಾದಲ್ಲಿ ನಾಯಕ ಹಾಕಿದ್ದ. ಫೋನಿನ ಪರದೆಯ ಮೇಲೆ ತಿಳಿ ಹಸಿರು ಕಂಡಿತು, ಮನೆಗೆ ಬಂದ ಮೇಲೆ ನೋಡಿದರೆ ಪಾಚಿ ಬಣ್ಣ. ಸೊಂಟಕ್ಕೆ ಬಿಗಿ, ಆದರೂ ಸಣ್ಣಗಾಗುತ್ತೇನೆಂಬ ಆಸೆ. ಕಾರಣಗಳು ಎಷ್ಟೇ ಬೇರೆ ಬೇರೆಯಾದರೂ ಅವುಗಳಲ್ಲಿ ಒಂದು ಸಮಾನ ಅಂಶ ಇದೆ. ನಿಮಗೆ ಏನು ಬೇಕು ಎಂಬುದನ್ನು ನೀವು ಅಂಗಡಿಯ ಒಳಗೆ ಕಾಲಿಟ್ಟ ಮೇಲೆ ತೀರ್ಮಾನಿಸಿದಿರಿ. ಅಲ್ಲಿನ ದೀಪ, ಕನ್ನಡಿ, ರಿಯಾಯಿತಿಯ ಚೀಟಿ ಎಲ್ಲವೂ ನಿಮ್ಮ ತೀರ್ಮಾನವನ್ನು ಮಾರುವವನ ಕಡೆಗೆ ವಾಲಿಸಲೆಂದೇ ಇರುವಂಥವು. ಅದು ಅವನ ವ್ಯಾಪಾರ, ತಪ್ಪೆನ್ನುವಂತಿಲ್ಲ.

ನನ್ನ ಸಲಹೆ ಸರಳವಾದದ್ದು. ಅಂಗಡಿಗೆ ಹೋಗುವ ಮುಂಚೆ, ಫೋನು ತೆರೆಯುವ ಮುಂಚೆ, ನಿಮ್ಮ ಉಡುಪಿನ ಬಗ್ಗೆ ಒಂದು ವಾಕ್ಯ ಬರೆದಿಡಿ. ನಾನು ದಿನವೂ ಎಲ್ಲಿ ಓಡಾಡುತ್ತೇನೆ, ಏನು ಕೆಲಸ ಮಾಡುತ್ತೇನೆ, ನನ್ನ ಬಟ್ಟೆ ಯಾರು ಒಗೆಯುತ್ತಾರೆ, ಹೇಗಿದ್ದರೆ ನನಗೆ ನೆಮ್ಮದಿ, ಇವಿಷ್ಟೂ ಆ ವಾಕ್ಯದಲ್ಲಿ ಇರಲಿ. ರಾಯಚೂರಿನ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಬರೆದರೆ ಹೀಗಿರಬಹುದು: "ನಾನು ಬಿಸಿಲೂರಿನವಳು, ದಿನಾ ಬಸ್ಸಿನಲ್ಲಿ ನಿಂತು ಹೋಗುವವಳು, ವಾರಕ್ಕೆ ಮೂರು ದಿನ ಪ್ರಯೋಗಾಲಯ, ಬೆವರು ಹೀರುವ, ಬಕೆಟ್ಟಿನಲ್ಲೇ ಒಗೆಯಬಹುದಾದ, ಒಂದಕ್ಕೊಂದು ಹೊಂದುವ ನೀಲಿ ಕೆಂಪು ಬಣ್ಣದ ಹತ್ತಿ ಬಟ್ಟೆ ನನಗೆ ಸಾಕು." ತೀರ್ಥಹಳ್ಳಿಯ ಹುಡುಗನ ವಾಕ್ಯ ಬೇರೆಯೇ ಆಗುತ್ತದೆ. ಅವನ ಮೊದಲ ಚಿಂತೆ ಜುಲೈ ತಿಂಗಳಲ್ಲಿ ಪ್ಯಾಂಟು ಒಣಗುವುದು.

ಇಂಥ ವಾಕ್ಯವನ್ನು ಕಾಗದದ ಮೇಲೆ ಬರೆಯದಿದ್ದರೂ ಬದುಕಿನಲ್ಲಿ ಬರೆದುಕೊಂಡವರು ನಮ್ಮಲ್ಲಿ ಇದ್ದರು. 1888ರಲ್ಲಿ ಲಂಡನ್ನಿಗೆ ಓದಲು ಹೋದ ಹತ್ತೊಂಬತ್ತರ ಹುಡುಗ ಮೋಹನದಾಸ ಗಾಂಧಿ ಹತ್ತೊಂಬತ್ತು ಶಿಲಿಂಗು ಕೊಟ್ಟು ಎತ್ತರದ ಹ್ಯಾಟು ಕೊಂಡರು, ಬಾಂಡ್ ಸ್ಟ್ರೀಟ್‌ನಲ್ಲಿ ಹತ್ತು ಪೌಂಡು ಸುರಿದು ಸಂಜೆಯ ಸೂಟು ಹೊಲಿಸಿದರು. ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ಲೆಕ್ಕಸಮೇತ ಬರೆದಿದ್ದಾರೆ. ಮೂವತ್ತಮೂರು ವರ್ಷಗಳ ನಂತರ, 1921ರ ಸೆಪ್ಟೆಂಬರ್ 22ರಂದು, ಮಧುರೈಯಲ್ಲಿ ಅವರು ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಅಲ್ಲಿಗೆ ಬರುವ ರೈಲಿನಲ್ಲಿ ಜನರೊಡನೆ ಖಾದಿಯ ಮಾತು ತೆಗೆದಾಗ, ಕೊಳ್ಳಲು ನಮ್ಮಲ್ಲಿ ಹಣವೆಲ್ಲಿದೆ ಎಂಬ ಉತ್ತರ ಬಂದಿತ್ತು. ತಮ್ಮ ಕೆಲಸ ಯಾರ ನಡುವೆ ಎಂಬುದು ಖಚಿತವಾದ ಮೇಲೆ ಉಡುಪೂ ಖಚಿತವಾಯಿತು. 1931ರಲ್ಲಿ ಲಂಡನ್ನಿನ ಅರಮನೆಗೆ ಹೋದಾಗಲೂ ಅದು ಬದಲಾಗಲಿಲ್ಲ.

ಇದನ್ನು ಕೇಳಿ, ಓಹೋ, ಕಡಿಮೆ ಉಡುವುದೇ ದೊಡ್ಡತನ ಎಂದು ಬರೆದುಕೊಳ್ಳಬೇಡಿ. ಅದೇ ಕಾಲದಲ್ಲಿ ಡಾ. ಅಂಬೇಡ್ಕರ್ ಅವರು ಅಚ್ಚುಕಟ್ಟಾದ ಸೂಟು ಬೂಟಿನಲ್ಲಿ ಸಭೆಗಳಿಗೆ ಬರುತ್ತಿದ್ದರು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ, ಮೇಲ್ಜಾತಿಯ ಹೆಂಗಸರು ಉಡುವ ರೀತಿಯಲ್ಲೇ ಸೀರೆ ಉಡಿ, ಬಟ್ಟೆ ಶುಭ್ರವಾಗಿರಲಿ ಎಂದು ಅವರು ಹೇಳಿದರು. ಸೀರೆ ಮೊಣಕಾಲಿಗಿಂತ ಕೆಳಗೆ ಇಳಿಯಬಾರದು, ಒಳ್ಳೆಯದನ್ನು ಉಡಬಾರದು ಎಂದು ಊರೇ ಕಟ್ಟುಮಾಡಿದ್ದ ಜನಕ್ಕೆ ಸರಳತೆಯ ಉಪದೇಶ ಮಾಡುವುದು ಕ್ರೂರವಾಗುತ್ತಿತ್ತು. ಅವರ ಪಾಲಿಗೆ ಒಂದು ಒಳ್ಳೆಯ ಸೀರೆ, ಇಸ್ತ್ರಿ ಮಾಡಿದ ಒಂದು ಕೋಟು ಹಕ್ಕಿನ ಪತ್ರವಿದ್ದಂತೆ. ಗಾಂಧಿ ಮತ್ತು ಅಂಬೇಡ್ಕರ್ ಇಬ್ಬರ ಉಡುಪೂ ಯೋಚಿಸಿ ಆಯ್ದದ್ದು. ಇಬ್ಬರೂ ಅಂಗಡಿಯವನನ್ನು ಕೇಳಿ ತೀರ್ಮಾನಿಸಲಿಲ್ಲ.

ನಮ್ಮ ಬೆಂಗಳೂರಿನಲ್ಲೇ ಡಾ. ಎಚ್. ನರಸಿಂಹಯ್ಯನವರು ಇದ್ದರು. ಭೌತವಿಜ್ಞಾನದ ಅಧ್ಯಾಪಕರು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದವರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. ಖಾದಿ ಪಂಚೆ, ಖಾದಿ ಜುಬ್ಬ, ತಲೆಗೆ ಬಿಳಿ ಟೋಪಿ, ವಾಸ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿ. 2005ರಲ್ಲಿ ತೀರಿಕೊಳ್ಳುವವರೆಗೂ ಬಸವನಗುಡಿಯ ಜನ ಅವರನ್ನು ದೂರದಿಂದಲೇ ಗುರುತಿಸುತ್ತಿದ್ದರು. 'ಸ್ಟೈಲ್' ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಸರಿ, ಇನ್ನು ವಿಜ್ಞಾನಕ್ಕೆ ಬರೋಣ. ನಿಮ್ಮ ವಾಕ್ಯ ಬರೆಯಲು ಬಟ್ಟೆಯ ಗುಣ ಗೊತ್ತಿರಬೇಕು. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಅದರ ಅಣುಗಳಲ್ಲಿ ನೀರನ್ನು ಹಿಡಿದುಕೊಳ್ಳುವ ಕೈಗಳು ಬೇಕಾದಷ್ಟಿವೆ. ಸಾಧಾರಣ ಹವೆಯಲ್ಲಿ ನೂರು ಗ್ರಾಂ ಒಣ ಹತ್ತಿ ಸುಮಾರು ಎಂಟು ಗ್ರಾಂ ತೇವವನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನವಿಜ್ಞಾನಿಗಳು ಕಂಡುಹಿಡಿದ ಈ ಎಳೆ ಪೆಟ್ರೋಲಿಯಂ ಮೂಲದ್ದು. ನೀರಿನ ಬಾಟಲಿಯ ಪ್ಲಾಸ್ಟಿಕ್ಕೂ ಇದೂ ಒಂದೇ ಪದಾರ್ಥ. ಬೇಸಗೆಯ ಕಲಬುರಗಿಯಲ್ಲಿ ಪಾಲಿಯೆಸ್ಟರ್ ಅಂಗಿ ಬೆನ್ನಿಗೆ ಅಂಟುವುದು ಇದರಿಂದಲೇ. ಆಗುಂಬೆಯ ಮಳೆಗಾಲದಲ್ಲಿ ಅದು ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗಿರುವುದೂ ಇದರಿಂದಲೇ. ಆದ್ದರಿಂದ ತೀರ್ಥಹಳ್ಳಿಯ ಹುಡುಗ ಮಿಶ್ರ ನೂಲಿನ ಪ್ಯಾಂಟು ಆರಿಸಿದರೆ ಅವನನ್ನು ಯಾರೂ ಬೈಯಬೇಕಾಗಿಲ್ಲ.

ಹತ್ತಿ ಎಂದು ಹೇಳಿ ಕೊಟ್ಟದ್ದು ನಿಜವಾಗಿ ಹತ್ತಿಯೇ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆ ಇದೆ. ಒಳಗಿನ ಹೊಲಿಗೆಯ ಅಂಚಿನಿಂದ ಬಟ್ಟೆಯ ಎರಡು ಎಳೆ ಎಳೆದು, ಚಿಮಟದಲ್ಲಿ ಹಿಡಿದು, ದೊಡ್ಡವರ ಎದುರಿಗೆ, ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ದೀಪದ ಉರಿಗೆ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಪುಡಿಯಾಗುವ ಬೂದಿ. ರೇಷ್ಮೆ, ಉಣ್ಣೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಮುದುಡಿ ಗಟ್ಟಿ ಮಣಿಯಾಗುತ್ತದೆ. ಪ್ರಯೋಗಾಲಯದಲ್ಲಿ ಬರ್ನರ್ ಮುಂದೆ ನಿಲ್ಲುವವರು ಈ ಮಣಿಯನ್ನು ಒಮ್ಮೆ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಅದು ಚರ್ಮಕ್ಕೆ ಅಂಟಿದರೆ ಗಾಯ ಆಳವಾಗುತ್ತದೆ.

ಹತ್ತಿ ನಿರಪರಾಧಿ ಎಂದು ಮಾತ್ರ ತಿಳಿಯಬೇಡಿ. ಜಗತ್ತಿನ ಸರಾಸರಿ ತೆಗೆದರೆ ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಸುಮಾರು 10,000 ಲೀಟರ್ ನೀರು ಇದೆ. ಹೊಲದ ಮಳೆ, ಕಾಲುವೆ ನೀರು, ಬಣ್ಣ ಹಾಕುವ ನೀರು, ಕೊಳೆಯಾದ ನೀರನ್ನು ತಿಳಿಯಾಗಿಸಲು ಬೇಕಾದದ್ದು, ಎಲ್ಲ ಸೇರಿದ ಲೆಕ್ಕ ಇದು. ಕಾಲು ಕಿಲೋ ತೂಗುವ ಒಂದು ಟೀ ಶರ್ಟಿಗೆ 2,500 ಲೀಟರ್ ಬಂತು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ನೀರು ಸರಬರಾಜಿನವರು ಲೆಕ್ಕ ಹಿಡಿಯುತ್ತಾರೆ. ಭಾಗಿಸಿ ನೋಡಿ, ಹದಿನೆಂಟು ದಿನ ಮಿಕ್ಕುತ್ತದೆ. ಹಾಗೆಂದು ಹತ್ತಿ ಬಿಟ್ಟು ಸಿಂಥೆಟಿಕ್ ಹಿಡಿದರೆ ಅದಕ್ಕೂ ತನ್ನದೇ ತೊಂದರೆ ಇದೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಆರು ಕಿಲೋ ಆಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ ಏಳು ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ನೀರಿಗೆ ಬೀಳಬಹುದು. ಪ್ಲಾಸ್ಟಿಕ್ಕಿನ ಈ ಎಳೆಗಳು ಬೇಗ ಕೊಳೆಯುವಂಥವಲ್ಲ.

ಬಣ್ಣದ ಕಥೆ ಇನ್ನೂ ಸ್ವಾರಸ್ಯವಾದದ್ದು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ, ನಿಮ್ಮದೇ ವಯಸ್ಸಿನವನು, ಮಲೇರಿಯಾಕ್ಕೆ ಕ್ವಿನೈನ್ ತಯಾರಿಸಲು ಹೊರಟು, ಪಾತ್ರೆಯ ತಳದಲ್ಲಿ ಉಳಿದ ಕಪ್ಪು ಗಷ್ಟಿನಿಂದ ಚೆಲುವಾದ ನೇರಳೆ ಬಣ್ಣ ತೆಗೆದ. ಕೃತಕ ಬಣ್ಣಗಳ ಉದ್ಯಮ ಹುಟ್ಟಿದ್ದು ಅಲ್ಲಿಂದ. ಈಗ ತಮಿಳುನಾಡಿನ ತಿರುಪ್ಪೂರಿಗೆ ಬನ್ನಿ. ಬನಿಯನ್ನು, ಟೀ ಶರ್ಟುಗಳ ಊರು. ನಿಮ್ಮ ಗುಡ್ಡೆಯಲ್ಲೂ ಅಲ್ಲಿಯದೊಂದು ಇದ್ದೀತು. ಹತ್ತಿಗೆ ಬಣ್ಣ ಹಿಡಿಸಲು ತೊಟ್ಟಿಗೆ ರಾಶಿ ಉಪ್ಪು ಸುರಿಯಬೇಕಾಗುತ್ತದೆ. ಬಣ್ಣ ಬಟ್ಟೆಗೆ ಹೋಗುತ್ತದೆ, ಉಪ್ಪು ನೀರಿನಲ್ಲೇ ಉಳಿಯುತ್ತದೆ. ಆ ನೀರು ವರ್ಷಗಟ್ಟಲೆ ಕಾವೇರಿಯ ಉಪನದಿ ನೊಯ್ಯಲ್‌ಗೆ ಹರಿಯಿತು. ಹೊಲಗಳಿಗೆ ನೀರುಣಿಸಲೆಂದು 1992ರಲ್ಲಿ ಕಟ್ಟಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಬಣ್ಣದ ಕಾರ್ಖಾನೆಗಳ ಕೊಳೆ ನಿಂತಿತು. ನಮ್ಮ ಹೊಲಕ್ಕೆ ಈ ನೀರು ಬಿಡಬೇಡಿ ಎಂದು ರೈತರೇ ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿಯ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಕೊಳೆನೀರನ್ನು ಹನಿಯೂ ಹೊರಬಿಡದೆ ಸೋಸಿ ಮತ್ತೆ ಬಳಸುವ ವ್ಯವಸ್ಥೆ ಬಂದದ್ದು ಆ ಹೋರಾಟದ ಫಲ. ಅದಕ್ಕೆ ಬಹಳ ಖರ್ಚಿದೆ. ಟೀ ಶರ್ಟು ತೀರಾ ಅಗ್ಗವಾಗಿ ಸಿಕ್ಕಾಗ ಈ ಖರ್ಚನ್ನು ಯಾರು ಕೊಟ್ಟರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬಣ್ಣಕ್ಕೆ ಬೇರೆ ದಾರಿಯೂ ಇದೆ ಎನ್ನಿ. ಸಾಗರ ತಾಲ್ಲೂಕಿನ ಹೆಗ್ಗೋಡಿನ 'ಚರಕ' ಮಹಿಳಾ ಸಂಘದವರು ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಮಲೆನಾಡಿನವರಿಗೆ ಚೊಗರು ಬಟ್ಟೆಗೆ ತಾಗಿದರೆ ಹೋಗದು ಎಂಬುದು ಹೊಸ ಮಾತೇನಲ್ಲ. ಅದರಲ್ಲಿರುವ ಟ್ಯಾನಿನ್ನೇ ಇದಕ್ಕೆ ಕಾರಣ.

ಹಾಗಾದರೆ ಹತ್ತಿಯೋ, ಪಾಲಿಯೆಸ್ಟರೋ, ಕೈಮಗ್ಗವೋ? ನನ್ನನ್ನು ಕೇಳಿದರೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕೊಂಡ ಬಟ್ಟೆಯನ್ನು ಎಷ್ಟು ಸಲ ಹಾಕುತ್ತೀರಿ? ಒಂದು ಅಂಗಿಗೆ 600 ರೂಪಾಯಿ ಕೊಟ್ಟು ಆರು ಸಲ ಹಾಕಿದರೆ ಸಲಕ್ಕೆ ನೂರು ರೂಪಾಯಿ ಬಿತ್ತು. 1,200 ರೂಪಾಯಿಯದನ್ನು ನೂರು ಸಲ ಹಾಕಿದರೆ ಸಲಕ್ಕೆ ಹನ್ನೆರಡು. ನೀರಿಗೂ ಇದೇ ಭಾಗಾಕಾರ. ಆ 2,500 ಲೀಟರನ್ನು ಆರರಿಂದ ಭಾಗಿಸುತ್ತೀರೋ ನೂರರಿಂದ ಭಾಗಿಸುತ್ತೀರೋ ಎಂಬುದು ನಿಮ್ಮ ಕೈಯಲ್ಲಿದೆ. ವಾಕ್ಯದಲ್ಲಿ ಬಣ್ಣ ಹೆಸರಿಸಲು ಹೇಳಿದ್ದೂ ಇದಕ್ಕೇ. ಪ್ರತಿಯೊಂದು ಅಂಗಿಯೂ ಪ್ರತಿಯೊಂದು ಪ್ಯಾಂಟಿಗೆ ಹೊಂದುವಂತಿದ್ದರೆ ನಾಲ್ಕು ಅಂಗಿ, ಮೂರು ಪ್ಯಾಂಟಿನಿಂದ ಹನ್ನೆರಡು ಜೊತೆ ಸಿಗುತ್ತದೆ. ಒಂದಕ್ಕೊಂದು ಹೊಂದದ ಏಳು ಬಟ್ಟೆಯಿಂದ ಮೂರು ಜೊತೆಯೂ ಕಷ್ಟ.

ಇಲ್ಲಿ ಒಂದು ಮುಜುಗರದ ವಿಷಯ ಎತ್ತಬೇಕು. ಕಾಲೇಜು ಸಮಾರಂಭಕ್ಕೆ ಹೋಗಲು ಹೊಸ ಬಟ್ಟೆ ಇಲ್ಲ, ಹೋದ ವರ್ಷದ್ದನ್ನೇ ಹಾಕಿದರೆ ಫೋಟೋದಲ್ಲಿ ಗೊತ್ತಾಗುತ್ತದೆ ಎಂದು ಮನೆಯಲ್ಲೇ ಉಳಿಯುವ ಹುಡುಗ ಹುಡುಗಿಯರಿದ್ದಾರೆ. ಬಹುಮಾನ ಬಂದಿದ್ದರೂ ವೇದಿಕೆಗೆ ಹೋಗದವರಿದ್ದಾರೆ. ಮೂರು ಜೊತೆ ಬಟ್ಟೆಯವರಿಗೂ ಪಾಲಿದೆ ಎಂದೆನಲ್ಲ, ಅದು ಇದು. ನನ್ನ ವೃತ್ತಿಯ ಅನುಭವ ಹೇಳುತ್ತೇನೆ. ಸ್ಟುಡಿಯೋಕ್ಕೆ ಬರುವ ಅತಿಥಿಗಳಿಗೆ ಮೊದಲೇ ಫೋನು ಮಾಡಿ, ಸಣ್ಣ ಗೆರೆಯ ಅಂಗಿ ಬೇಡ, ಪರದೆಯ ಮೇಲೆ ಗೆರೆಗಳು ನಡುಗುತ್ತವೆ. ಅಚ್ಚ ಬಿಳಿ ಬೇಡ, ದೀಪಕ್ಕೆ ಕಣ್ಣು ಕೋರೈಸುತ್ತದೆ ಎಂದು ಹೇಳುತ್ತೇವೆ. ಆಮೇಲೆ ಎಷ್ಟೋ ವಿದ್ವಾಂಸರು ಆರು ಕಂತುಗಳಿಗೂ ಒಂದೇ ತಿಳಿ ನೀಲಿ ಅಂಗಿಯಲ್ಲಿ ಬರುತ್ತಾರೆ. ಪ್ರೇಕ್ಷಕರಿಂದ ಬರುವ ಕಾಗದಗಳಲ್ಲಿ ಉಚ್ಚಾರಣೆ ತಪ್ಪಿದ್ದಕ್ಕೆ ಬೈಗುಳ ಇರುತ್ತದೆ, ಇಸವಿ ತಪ್ಪಿದ್ದಕ್ಕೆ ಬೈಗುಳ ಇರುತ್ತದೆ. ಅದೇ ಅಂಗಿ ಮತ್ತೆ ಹಾಕಿದರೆಂದು ದೂರಿದ ಕಾಗದ ಒಂದನ್ನೂ ನಾನು ಓದಿಲ್ಲ. ನಿಮ್ಮ ತರಗತಿಯಲ್ಲಿ ಯಾರಾದರೂ ಹಾಗೆ ದೂರಿದರೆ ಅದು ಕೇವಲ ಒರಟುತನ, ಅದಕ್ಕೆ ಹೊಸ ಬಟ್ಟೆಯಿಂದ ಉತ್ತರ ಕೊಡಬೇಕಾಗಿಲ್ಲ. ಎರಡನೆಯ ಗುಡ್ಡೆ ದೊಡ್ಡದಿರುವವರಿಗೆ ಒಂದು ಕೋರಿಕೆ: ಸಮಾರಂಭಕ್ಕೆ ನೀವೇ ಮೊದಲು ಹಳೆಯದನ್ನು ಹಾಕಿ ಬನ್ನಿ. ಇಲ್ಲದವರು ಮೊದಲು ಹಾಕಿ ಬಂದರೆ ಅದು ಬಡತನವಾಗಿ ಕಾಣುತ್ತದೆ, ಇರುವವರು ಹಾಕಿದರೆ ಕಾಲೇಜಿನ ರೂಢಿಯಾಗುತ್ತದೆ.

ಎಲ್ಲರೂ ಕಡಿಮೆ ಕೊಂಡರೆ ಹೊಲಿಯುವವರ ಗತಿಯೇನು ಎಂದು ನೀವು ಕೇಳಬಹುದು. ಕೇಳಲೇಬೇಕು. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಬೆಳಿಗ್ಗೆ ಸಾಲುಸಾಲಾಗಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರಿದ್ದಾರೆ, ಬಳ್ಳಾರಿಯ ಓಣಿಗಳಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ. ನಿಮ್ಮಲ್ಲಿ ಕೆಲವರ ತಾಯಂದಿರೇ ಅವರಲ್ಲಿ ಇರಬಹುದು. ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಆದರೆ 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾನಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಒಳಗಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಕೆಲಸಗಾರರನ್ನು ಕರೆಸಿಕೊಂಡವು. ಅಗ್ಗ, ಬೇಗ, ಇನ್ನೂ ಅಗ್ಗ ಎಂಬ ಓಟದಲ್ಲಿ ಹೊಲಿಯುವವರಿಗೆ ಹಿತವಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಗಟ್ಟಿಯಾದದ್ದಕ್ಕೆ ತಕ್ಕ ಬೆಲೆ ಕೊಟ್ಟು, ಮಿಕ್ಕ ಹಣವನ್ನು ಊರಿನ ದರ್ಜಿಗೆ, ರಫೂ ಮಾಡುವವನಿಗೆ, ಇಳಕಲ್ಲಿನ ನೇಕಾರನಿಗೆ ಕೊಟ್ಟರೆ ಕೆಲಸ ಎಲ್ಲಿಗೂ ಓಡಿಹೋಗುವುದಿಲ್ಲ, ಜಾಗ ಬದಲಿಸುತ್ತದೆ ಎಂಬುದು ನನ್ನ ಲೆಕ್ಕ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ತಮ್ಮ ಅಧ್ಯಾಪಕರ ಮುಂದಿಟ್ಟು ಜಗಳವಾಡಲಿ.

ಕೊನೆಯದಾಗಿ ಹಳೆಯ ಬಟ್ಟೆ. ನಮ್ಮ ಮನೆಗಳಲ್ಲಿ ಹತ್ತಿಯ ಸೀರೆಗೆ ದೀರ್ಘ ಆಯುಷ್ಯ. ಉಟ್ಟು ಉಟ್ಟು ಮೆತ್ತಗಾದ ಅಜ್ಜಿಯ ಸೀರೆ ಮೊಮ್ಮಗುವಿಗೆ ತೊಟ್ಟಿಲ ಹಾಸಿಗೆ. ಉತ್ತರ ಕರ್ನಾಟಕದಲ್ಲಿ ಅಂಥ ಏಳೆಂಟು ಸೀರೆ ಪದರ ಪದರವಾಗಿ ಹರಡಿ ದಾರ ಓಡಿಸಿದರೆ ಕೌದಿ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ದೂರದ ದೇಶಗಳಲ್ಲೂ ಪ್ರದರ್ಶನ ಕಂಡಿವೆ. ಕೌದಿಯೂ ಹರಿದರೆ ಒರೆಸುವ ಬಟ್ಟೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಸೀರೆಯನ್ನು ಬೆಳಕಿಗೆ ಹಿಡಿದು, ನೂಲು ಎಳೆದು ನೋಡಿ ಬೆಲೆ ಕಟ್ಟುತ್ತಾರೆ. ಅವರಷ್ಟು ಕಟ್ಟುನಿಟ್ಟಿನ ಪರೀಕ್ಷಕರು ವಿಶ್ವವಿದ್ಯಾಲಯಗಳಲ್ಲೂ ಸಿಗಲಾರರು. ನೀವು ಹೊಸದು ಕೊಳ್ಳುವಾಗಲೂ ಹಾಗೆಯೇ ನೋಡಿ. ಬೆಳಕಿಗೆ ಹಿಡಿದಾಗ ನೇಯ್ಗೆ ಒಂದೇ ಸಮ ಇದೆಯೇ, ಹೊಲಿಗೆಯ ಎರಡೂ ಬದಿ ಮೆಲ್ಲಗೆ ಎಳೆದರೆ ಸಂದು ಬಿಡುತ್ತದೆಯೇ, ಮುಂದೆ ಬಿಚ್ಚಿ ಅಗಲ ಮಾಡಿಕೊಳ್ಳಲು ಒಳಗೆ ಬಟ್ಟೆ ಬಿಟ್ಟಿದ್ದಾರೆಯೇ. ಬೆಳೆಯುವ ವಯಸ್ಸಿನವರಿಗೆ ಈ ಮೂರನೆಯದು ಬಹಳ ಮುಖ್ಯ. ಪಾಲಿಯೆಸ್ಟರಿಗೆ ಮಾತ್ರ ಸೀರೆಯಿಂದ ಒರೆಸುವ ಬಟ್ಟೆಯವರೆಗಿನ ಈ ಇಳಿದಾರಿ ಇಲ್ಲ. ನೀರು ಹೀರದ ಬಟ್ಟೆಯಿಂದ ನೆಲ ಒರೆಸಲೂ ಆಗುವುದಿಲ್ಲ.

ಎರಡನೆಯ ಗುಡ್ಡೆಯಲ್ಲಿ ಗುಂಡಿ ಕಿತ್ತ ಕಾರಣಕ್ಕೇ ಮೂಲೆ ಸೇರಿದ ಅಂಗಿ ಒಂದಾದರೂ ಇರುತ್ತದೆ. ಅದನ್ನು ಇಂದೇ ಮೇಲೆತ್ತಿ. ಸೂಜಿಗೆ ದಾರ ಪೋಣಿಸಿ ಜೋಡಿ ಎಳೆ ಮಾಡಿಕೊಳ್ಳಿ. ಗುಂಡಿಗೂ ಬಟ್ಟೆಗೂ ನಡುವೆ ಒಂದು ಬೆಂಕಿಕಡ್ಡಿ ಇಟ್ಟು, ತೂತುಗಳಲ್ಲಿ ನಾಲ್ಕೈದು ಸಲ ದಾರ ಹಾಯಿಸಿ. ಕಡ್ಡಿ ಎಳೆದು ತೆಗೆಯಿರಿ. ಈಗ ಗುಂಡಿ ಸ್ವಲ್ಪ ಸಡಿಲವಾಗಿ ನಿಂತಿರುತ್ತದೆ. ಆ ಸಡಿಲದ ದಾರಕ್ಕೆ ಕೆಳಗಿನಿಂದ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಸೂಜಿಯನ್ನು ಹಿಂಬದಿಗೆ ಚುಚ್ಚಿ ಗಂಟು ಹಾಕಿ. ಕಡ್ಡಿ ಇಡದೆ ಹೊಲಿದರೆ ಕಾಜಾದ ದಪ್ಪಕ್ಕೆ ಜಾಗ ಸಾಲದೆ ದಾರ ಮತ್ತೆ ಕಿತ್ತುಬರುತ್ತದೆ.